ಕೊಳ್ಳುವ ಮುನ್ನ ಮನೆಯ ತಪಾಸಣೆ: ಬಿಟ್ಟುಕೊಡಬಾರದ ಹಕ್ಕು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವುಸ್ಟರ್ ಬಳಿ ನೆಲೆಸಿರುವ ಓದುಗರೊಬ್ಬರು ಮನೆ ಕೊಳ್ಳಲು ಹೊರಟಿದ್ದಾರೆ. ತಪಾಸಣೆಯ ಷರತ್ತು ಹಾಕಿದ್ದಕ್ಕೆ ಹಿಂದೆ ಎರಡು ಮನೆಗಳು ಕೈತಪ್ಪಿದವಂತೆ. ಈಗ ಹೊಸ ನಿಯಮ ಬಂದಿದ್ದರೂ, ಆಫರ್ ಒಪ್ಪಿಗೆಯಾದ ಮೇಲೆ ತಪಾಸಣೆಯನ್ನು ಕೈಬಿಡುವಂತೆ ಸ್ನೇಹಿತರು ಹೇಳುತ್ತಿದ್ದಾರಂತೆ. ‘ಇಷ್ಟು ಪೈಪೋಟಿಯಲ್ಲಿ ಈ ಹಕ್ಕಿಗಾಗಿ ಪಟ್ಟು ಹಿಡಿಯುವುದು ಸರಿಯೇ?’ ಎಂಬುದು ಅವರ ಪ್ರಶ್ನೆ.

ಖಂಡಿತ ಸರಿ. ನಿಮ್ಮ ಪತ್ರದಲ್ಲಿರುವ ಸಂಕೋಚವನ್ನು ಮೊದಲು ಬಿಡಿ ಎಂದು ಸಲುಗೆಯಿಂದ ಗದರಿಸುತ್ತಿದ್ದೇನೆ. ಮಾರುವವರಿಗೂ ಕಷ್ಟವಿದೆ, ತಪಾಸಣೆಯ ವರದಿ ಹಿಡಿದು ಸಣ್ಣಪುಟ್ಟ ಕೊರತೆಗೂ ಬೆಲೆ ಜಗ್ಗುವವರು ಇದ್ದೇ ಇದ್ದಾರೆ. ಆದರೆ ಆ ಮನೆಯಲ್ಲಿ ವರ್ಷಗಟ್ಟಲೆ ಬಾಳಿದವರಿಗೆ ಯಾವ ಮಳೆಗೆ ನೆಲಮಾಳಿಗೆಗೆ ನೀರು ನುಗ್ಗುತ್ತದೆ ಎಂಬುದು ಗೊತ್ತಿರುತ್ತದೆ, ಅರ್ಧ ಗಂಟೆ ಸುತ್ತಾಡಿ ಬಂದ ನಿಮಗೆ ಗೊತ್ತಿರುವುದಿಲ್ಲ. ಮೇಲಾಗಿ, ಸೀಸದ ಬಣ್ಣದಂಥ ಕೆಲವನ್ನು ಬಿಟ್ಟರೆ, ಮನೆಯ ದೋಷಗಳನ್ನು ತಾವಾಗಿ ಹೇಳಬೇಕೆಂಬ ಕಟ್ಟುಪಾಡು ಖಾಸಗಿ ಮಾರಾಟಗಾರರಿಗೆ ನಿಮ್ಮ ರಾಜ್ಯದಲ್ಲಿಲ್ಲ.

ಗವರ್ನರ್ ಮೌರಾ ಹೀಲಿ 2024ರ ಆಗಸ್ಟ್ 6ರಂದು ಸಹಿ ಹಾಕಿದ ವಸತಿ ಕಾಯಿದೆಯ ಅಡಿಯಲ್ಲಿ ರೂಪುಗೊಂಡು 2025ರ ಅಕ್ಟೋಬರ್ 15ರಂದು ಜಾರಿಗೆ ಬಂದ ಆ ನಿಯಮವನ್ನು ನಾನು ಮನಸಾರೆ ಮೆಚ್ಚುತ್ತೇನೆ. ತಪಾಸಣೆ ಬಿಟ್ಟರೆ ಮಾತ್ರ ಮನೆ ಕೊಡುತ್ತೇನೆ ಎಂದು ಮಾರುವವರು ಹೇಳುವಂತಿಲ್ಲ. ಅಷ್ಟೇ ಆಗಿದ್ದರೆ ಪ್ರಯೋಜನವಾಗುತ್ತಿರಲಿಲ್ಲ, ಏಕೆಂದರೆ ಮನೆ ಸಿಕ್ಕರೆ ಸಾಕೆಂಬ ಆತುರದಲ್ಲಿ ಕೊಳ್ಳುವವರೇ ಅದನ್ನು ಬಿಟ್ಟುಕೊಡುತ್ತಿದ್ದರು. ಆದ್ದರಿಂದ ತಪಾಸಣೆ ಬೇಡವೆಂದು ಮುಂಚಿತವಾಗಿ ತಿಳಿಸಿದವರ ಆಫರನ್ನು ಒಪ್ಪುವುದಕ್ಕೂ ತಡೆಯಿದೆ. ಹರಾಜು, ಕುಟುಂಬದೊಳಗಿನ ಮಾರಾಟದಂಥ ವಿನಾಯಿತಿಗಳನ್ನು ಬಿಟ್ಟರೆ, ಎಲ್ಲರೂ ಒಂದೇ ಗೆರೆಯ ಮೇಲೆ ನಿಲ್ಲಬೇಕು. ಒಪ್ಪಿಗೆಯ ನಂತರ ಬೇಡವೆನ್ನುವ ಸ್ವಾತಂತ್ರ್ಯ ನಿಮಗಿದೆ, ನಿಜ; ಮನೆ ಕೈತಪ್ಪುವ ಭಯ ತೊಲಗಿದ ಮೇಲೂ ಅದನ್ನು ಬಳಸಿಕೊಳ್ಳುವುದು ಯಾರ ಹಿತಕ್ಕೆ?

ನಿಮ್ಮ ಸೀಮೆಯಲ್ಲಂತೂ ಇದು ಇನ್ನೂ ಮುಖ್ಯ. ಮಧ್ಯ ಮ್ಯಾಸಚೂಸೆಟ್ಸ್ ಮತ್ತು ನೆರೆಯ ಕನೆಕ್ಟಿಕಟ್‌ನಲ್ಲಿ 1983ರಿಂದ ಈಚೆಗೆ ಕಟ್ಟಿದ ಹಲವು ಮನೆಗಳ ತಳಪಾಯದ ಕಾಂಕ್ರೀಟಿನಲ್ಲಿ ಪಿರೋಟೈಟ್ ಎಂಬ ಖನಿಜ ಬೆರೆತಿದೆ. ನೀರು ಮತ್ತು ಗಾಳಿ ತಗಲಿ ಅದು ಒಳಗೊಳಗೇ ಹಿಗ್ಗುತ್ತದೆ, ವರ್ಷಗಳ ನಂತರ ಗೋಡೆಯ ಮೇಲೆ ನಕ್ಷೆಯಂತೆ ಬಿರುಕುಗಳು ಮೂಡುತ್ತವೆ. ಮನೆಯನ್ನು ಎತ್ತಿ ನಿಲ್ಲಿಸಿ ತಳಪಾಯವನ್ನೇ ಬದಲಿಸುವುದು ಇದಕ್ಕೆ ಪರಿಹಾರ. ಸಾಮಾನ್ಯ ತಪಾಸಣೆ ಕಣ್ಣಿಗೆ ಕಾಣುವುದಕ್ಕೆ ಸೀಮಿತವಾದ್ದರಿಂದ, ಅನುಮಾನವಿದ್ದರೆ ಕಾಂಕ್ರೀಟಿನ ತುಣುಕು ತೆಗೆಸಿ ಪ್ರಯೋಗಾಲಯಕ್ಕೂ ಕಳುಹಿಸಿ.

ನಿಮ್ಮ ಪತ್ರ ಓದುತ್ತಾ ನಮ್ಮೂರಿನ ಸ್ಥಿತಿಗೆ ಮನಸ್ಸು ನೊಂದಿತು. ಬೆಂಗಳೂರಿನಲ್ಲಿ ನನ್ನ ಬಂಧುವೊಬ್ಬರು ಹಳೆಯ ಮನೆ ಕೊಂಡರು. ವಕೀಲರಿಗೆ ಮೂಲಪತ್ರ ತೋರಿಸಿದರು, ಸ್ವತ್ತಿನ ಮೇಲೆ ಸಾಲ, ಅಡಮಾನಗಳಿವೆಯೇ ಎಂದು ತಿಳಿಸುವ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿದರು, ಖಾತಾ ನೋಡಿದರು, ವಾಸ್ತು ಬಲ್ಲವರನ್ನೂ ಕರೆಸಿದರು; ಎಂಜಿನಿಯರನ್ನು ಕರೆಸಲಿಲ್ಲ. ಮೊದಲ ಮಳೆಗಾಲಕ್ಕೇ ಅಡುಗೆಮನೆಯ ಹೊಸ ಬಣ್ಣ ಗುಳ್ಳೆಯೆದ್ದು ಉದುರಿತು, ಒದ್ದೆ ಗೋಡೆಯ ಸ್ವಿಚ್ ಬೋರ್ಡ್ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಬ್ಯಾಂಕಿನವರು ಕಳುಹಿಸಿದ ಮೌಲ್ಯಮಾಪಕರು ಬಂದು ಹೋಗಿದ್ದರಲ್ಲ ಎಂದು ಅವರು ಅಲವತ್ತುಕೊಂಡರು. ಆದರೆ ಸಾಲಕ್ಕೆ ತಕ್ಕ ಬೆಲೆ ಇದೆಯೇ ಎಂದು ಬ್ಯಾಂಕಿಗೆ ಹೇಳುವುದು ಆ ಮೌಲ್ಯಮಾಪಕರ ಕೆಲಸ.

ಕಾನೂನು ಇಲ್ಲವೆಂದಲ್ಲ. ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ಕಂಡುಹಿಡಿಯಲಾಗದ, ತನಗೆ ಮಾತ್ರ ಗೊತ್ತಿರುವ ಮುಖ್ಯ ದೋಷವನ್ನು ಮಾರುವವನು ಹೇಳಲೇಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯಿದೆಯ 55ನೇ ಕಲಂ ಹೇಳುತ್ತದೆ. ಹೊಸ ಯೋಜನೆಗಳಲ್ಲಿ ಸ್ವಾಧೀನದಿಂದ 5 ವರ್ಷದೊಳಗೆ ಗಮನಕ್ಕೆ ತಂದ ರಚನಾ ದೋಷವನ್ನು ಬಿಲ್ಡರ್ ಹಣ ಕೇಳದೆ ಸರಿಪಡಿಸಬೇಕೆಂದು 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯಿದೆ ಹೇಳುತ್ತದೆ. ಆದರೆ ಇಲ್ಲಿನ ಕರಾರುಪತ್ರಗಳಲ್ಲಿ, ಕೊಳ್ಳುವವರು ಸ್ವತ್ತನ್ನು ಪರಿಶೀಲಿಸಿ ತೃಪ್ತರಾಗಿದ್ದಾರೆ ಎಂಬ ಸಾಲೊಂದು ಸಾಮಾನ್ಯವಾಗಿ ಅಚ್ಚಾಗಿಯೇ ಬರುತ್ತದೆ. ಗೋಡೆಯನ್ನು ಬಡಿದೂ ನೋಡದವರು ಅದರ ಕೆಳಗೆ ಸಹಿ ಹಾಕಿ, ಮುಂದೆ ಆಡಬಹುದಾಗಿದ್ದ ವಾದವನ್ನು ತಾವೇ ದುರ್ಬಲಗೊಳಿಸಿಕೊಳ್ಳುತ್ತಾರೆ. ಇಲ್ಲಿ ಮನೆ ಕೊಳ್ಳುವವರು ಆ ಸಾಲನ್ನು ತೆಗೆಸಿ, ಎಂಜಿನಿಯರ ವರದಿ ಪ್ರತಿಕೂಲವಾದರೆ ಮುಂಗಡ ಹಿಂದಿರುಗಿಸಬೇಕೆಂಬ ಷರತ್ತನ್ನು ಬರೆಸಲಿ. ನಿಮ್ಮ ತಪಾಸಕರು ಏನೇನು ನೋಡಿದರು ಎಂಬುದನ್ನು ದಯವಿಟ್ಟು ವಿವರವಾಗಿ ಬರೆದು ಕಳುಹಿಸಿ. ಇಲ್ಲಿನ ಓದುಗರಿಗೆ ಅದು ಬೇಕಾಗಿದೆ.