ಬೀಟಲ್ಸ್ ರೆಕಾರ್ಡುಗಳಿಗೆ ಎರಡೆರಡು ತಾರೀಖು ಬರೆಯಿರಿ

ಇಂಗ್ಲೆಂಡಿನ ನಾಲ್ವರ ಹಾಡಿನ ತಂಡ ಬೀಟಲ್ಸ್‌ನ ಎಲ್‌ಪಿಗಳನ್ನು (ಹಲವು ಹಾಡುಗಳ ದೊಡ್ಡ ರೆಕಾರ್ಡುಗಳನ್ನು) ವರ್ಷದ ಪ್ರಕಾರ ಜೋಡಿಸಿದಾಗ ಕೊನೆಗೆ 'ಲೆಟ್ ಇಟ್ ಬಿ' ಬಂತು, ಅವರು ಕೊನೆಗೆ ಮಾಡಿದ್ದು ಅದೇನಾ ಅಂತ ಕೇಳಿದ್ದೀರಿ. ಕಪಾಟಿಗೆ ಅಂಟಿಸಲು ಮುಖ್ಯ ತಾರೀಖುಗಳೂ ಬೇಕು ಅಂದಿದ್ದೀರಿ. ನಾನು ಹೇಳುವುದು ಇಷ್ಟೇ: ಹಾಡು ರೆಕಾರ್ಡ್ ಆದ ದಿನ, ಅಂಗಡಿಗೆ ಬಂದ ದಿನ, ಎರಡನ್ನೂ ಬರೆಯಿರಿ. ಒಂದನ್ನೇ ಬರೆದರೆ ಕಥೆ ಹಿಂದುಮುಂದಾಗುತ್ತದೆ.

'ಲೆಟ್ ಇಟ್ ಬಿ'ಯನ್ನೇ ನೋಡಿ. ಬಂದಿದ್ದು 1970ರ ಮೇ 8ಕ್ಕೆ. ಆದರೆ ಅದರ ಹೆಚ್ಚಿನ ಕೆಲಸ ನಡೆದಿದ್ದು 1969ರ ಜನವರಿಯಲ್ಲಿ. ಲಂಡನ್ನಿನ ಸ್ಯಾವಿಲ್ ರೋನಲ್ಲಿ ತಮ್ಮ ಆಫೀಸಿನ ತಾರಸಿ ಮೇಲೆ ಅವರು ನುಡಿಸಿದ್ದು ಜನವರಿ 30ಕ್ಕೆ. ಆಮೇಲೆ ಟೇಪುಗಳು ಹಾಗೇ ಬಿದ್ದಿದ್ದವು. ಅಷ್ಟರಲ್ಲಿ 'ಆಬಿ ರೋಡ್' ಮಾಡಿ ಮುಗಿಸಿದರು. ಅದರ ಕವರಿನಲ್ಲಿ ನಾಲ್ವರೂ ರಸ್ತೆಯ ಜೀಬ್ರಾ ಪಟ್ಟೆ ದಾಟುವ ಫೋಟೋ 1969ರ ಆಗಸ್ಟ್ 8ರದು. ನಾಲ್ವರೂ ಸ್ಟುಡಿಯೋದಲ್ಲಿ ಒಟ್ಟಿಗೆ ಇದ್ದ ಕೊನೆಯ ದಿನ ಆಗಸ್ಟ್ 20, ರೆಕಾರ್ಡ್ ಬಂದಿದ್ದು ಸೆಪ್ಟೆಂಬರ್ 26. 1970ರ ಜನವರಿ 3ಕ್ಕೆ ಮತ್ತೊಂದು ಹಾಡು ರೆಕಾರ್ಡ್ ಆಯಿತು, 'ಐ ಮಿ ಮೈನ್'. ಆದರೆ ಅವತ್ತು ಜಾನ್ ಲೆನನ್ ಇರಲಿಲ್ಲ. ಹಾಗಾಗಿ ನಾಲ್ವರ ಕೊನೆಯ ಕೆಲಸ ಅಂದರೆ ನನ್ನ ಮಟ್ಟಿಗೆ 'ಆಬಿ ರೋಡ್'. ನನ್ನ ಕಪಾಟಿನಲ್ಲಿ ಅದನ್ನೇ ಕೊನೆಗೆ ಇಟ್ಟಿದ್ದೇನೆ.

ಇನ್ನು ಶುರುವಿನದು. 1957ರ ಜುಲೈ 6, ಲಿವರ್‌ಪೂಲಿನ ವುಲ್ಟನ್‌ನಲ್ಲಿ ಚರ್ಚಿನ ಜಾತ್ರೆ. ಜಾನ್‌ಗೆ ಪಾಲ್ ಮೆಕಾರ್ಟ್ನಿ ಸಿಕ್ಕಿದ್ದು ಅಲ್ಲೇ. ಮೊದಲ ಸಿಂಗಲ್ (ಬದಿಗೊಂದು ಹಾಡಿನ ಚಿಕ್ಕ ರೆಕಾರ್ಡು) 'ಲವ್ ಮಿ ಡು' ಬಂದಿದ್ದು 1962ರ ಅಕ್ಟೋಬರ್ 5ಕ್ಕೆ. ತಂಡದ ಡ್ರಮ್ಮರ್ ರಿಂಗೋ ಸ್ಟಾರ್ ಡ್ರಮ್ ಬಾರಿಸಿದ ರೂಪ ಸೆಪ್ಟೆಂಬರ್ 4ರದು. ಅದು ನಿರ್ಮಾಪಕ ಜಾರ್ಜ್ ಮಾರ್ಟಿನ್‌ಗೆ ಹಿಡಿಸಲಿಲ್ಲ. 11ನೇ ತಾರೀಖು ಆಂಡಿ ವೈಟ್ ಎಂಬ ಡ್ರಮ್ಮರ್ ಬಂದರು, ರಿಂಗೋ ಕೈಗೆ ಟ್ಯಾಂಬರಿನ್ (ಝಲ್ ಅನ್ನುವ ಬಿಲ್ಲೆಗಳಿರುವ ಕೈವಾದ್ಯ) ಕೊಟ್ಟರು. ಮೊದಲು ಅಂಗಡಿಗೆ ಬಂದ ಸಿಂಗಲ್‌ನಲ್ಲಿ ಇದ್ದಿದ್ದು ರಿಂಗೋ ಡ್ರಮ್ಮು, ಮೊದಲ ಎಲ್‌ಪಿಯಲ್ಲಿ ಇರುವುದು ಆಂಡಿ ವೈಟ್. ಗುರುತು ಹಿಡಿಯುವುದು ಸುಲಭ. ಹಾಡಿನ ಉದ್ದಕ್ಕೂ ಗೆಜ್ಜೆ ಅಲ್ಲಾಡಿಸಿದ ಹಾಗೆ ಝಲ್ ಝಲ್ ಕೇಳಿಸಿದರೆ ಅದು 11ರದು.

ಕೆಂಪು ಶಾಯಿಯಲ್ಲಿ ಬರೆಯಬೇಕಾದ ದಿನ 1963ರ ಫೆಬ್ರವರಿ 11. ಮೊದಲ ಎಲ್‌ಪಿಯ 14 ಹಾಡುಗಳಲ್ಲಿ 10 ಹಾಡು ಅವತ್ತು ಒಂದೇ ದಿನದಲ್ಲಿ ಆದವು. ಜಾನ್‌ಗೆ ನೆಗಡಿ. ಗಂಟಲು ಹರಿದುಹೋಗುವ 'ಟ್ವಿಸ್ಟ್ ಆ್ಯಂಡ್ ಶೌಟ್' ಅನ್ನು ರಾತ್ರಿ ಕೊನೆಗೆ ಇಟ್ಟುಕೊಂಡಿದ್ದರು. ಮೊದಲ ಸಲ ಹಾಡಿದ್ದೇ ರೆಕಾರ್ಡಿನಲ್ಲಿದೆ. ಆ ಒಡೆದ ದನಿ ಎಷ್ಟು ಸಲ ಕೇಳಿದರೂ ನನಗೆ ಮೈ ಜುಮ್ ಅನ್ನುತ್ತದೆ.

ಅಮೆರಿಕದ ಎಡ್ ಸಲಿವನ್ ಟಿವಿ ಕಾರ್ಯಕ್ರಮದಲ್ಲಿ ಮೊದಲ ಸಲ ನುಡಿಸಿದ್ದು 1964ರ ಫೆಬ್ರವರಿ 9. ಟಿಕೆಟ್ ಇಟ್ಟು ಮಾಡಿದ ಕೊನೆಯ ಕಛೇರಿ 1966ರ ಆಗಸ್ಟ್ 29, ಸ್ಯಾನ್ ಫ್ರಾನ್ಸಿಸ್ಕೋ. ಮ್ಯಾನೇಜರ್ ಬ್ರಯನ್ ಎಪ್‌ಸ್ಟೈನ್ ತೀರಿಕೊಂಡಿದ್ದು 1967ರ ಆಗಸ್ಟ್ 27. ಇದನ್ನು ಬಿಡಬೇಡಿ, ಅಲ್ಲಿಂದ ಮುಂದೆ ವ್ಯವಹಾರ ನೋಡಿಕೊಳ್ಳುವವರು ಯಾರು ಅನ್ನುವುದೇ ಜಗಳವಾಯಿತು. 1968ರ ಫೆಬ್ರವರಿಯಲ್ಲಿ ಹೃಷಿಕೇಶಕ್ಕೆ ಬಂದರು. ಅದೇ ವರ್ಷ ನವೆಂಬರ್ 22ಕ್ಕೆ ಬಂದ ಬಿಳಿ ಕವರಿನ ಜೋಡಿ ಎಲ್‌ಪಿಯ ಎಷ್ಟೋ ಹಾಡು ಅಲ್ಲಿ ಹುಟ್ಟಿದವು.

ಇನ್ನೊಂದು ವಿಷಯ. ಲೇಬಲ್ ಮೇಲೆ 'ದಮ್ ದಮ್' ಅಂತ ಇದ್ದರೆ ಅದು ಕಲ್ಕತ್ತದ ಗ್ರಾಮಫೋನ್ ಕಂಪನಿಯ ಪ್ರತಿ. ಅದರ ಮೇಲಿನ ವರ್ಷ ಮೊದಲು ಬಿಡುಗಡೆಯಾದ ವರ್ಷ ಇರಬಹುದು, ಪ್ರತಿ ಆಮೇಲೆ ಒತ್ತಿದ್ದಿರಬಹುದು. ಅದನ್ನೇ ಪ್ರತಿಯ ವಯಸ್ಸು ಅಂದುಕೊಂಡು ಜಾಸ್ತಿ ದುಡ್ಡು ಕೊಡಬೇಡಿ. ಕವರಿನಲ್ಲಿ 'ಕ್ಯಾಪಿಟಲ್' ಅಂತ ಇದ್ದರೆ ಸಾಮಾನ್ಯವಾಗಿ ಅಮೆರಿಕದ್ದು. 1967ಕ್ಕಿಂತ ಮುಂಚಿನ ಅಂಥ ಎಲ್‌ಪಿಗಳಲ್ಲಿ ಹಾಡುಗಳೇ ಬೇರೆ ಥರ ಸೇರಿವೆ, ತಾರೀಖೂ ಬೇರೆ. ಅವಕ್ಕೆ ಬೇರೆ ಸಾಲು ಮಾಡಿ.

ನಿಮ್ಮ ಹತ್ತಿರ 'ಲವ್ ಮಿ ಡು' ಇದ್ದರೆ ಇವತ್ತೇ ಹಾಕಿ ಕೇಳಿ. ಟ್ಯಾಂಬರಿನ್ ಇದೆಯೋ ಇಲ್ಲವೋ ಇಲ್ಲೇ ತಿಳಿಸಿ.