ಅಂಚಿನ ಸಮುದಾಯಗಳ ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯಗಳು ನಿಜವಾಗಿ ಹೇಗೆ ನೆರವಾಗಬಹುದು?

ಸೀಟು ಕೊಡುವುದರ ಜೊತೆಗೆ, ಕೇಳುವ ಮೊದಲೇ ನೆರವು ತಲುಪಿಸಬೇಕು. ಎರಡನೆಯದೇ ಜಾಸ್ತಿ ಕಷ್ಟ. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರಿಗೆ ಯಾವ ಅರ್ಜಿ ಯಾವಾಗ ಹಾಕಬೇಕು, ಫೇಲಾದರೆ ಯಾರನ್ನು ಕಾಣಬೇಕು ಎಂದು ಹೇಳಿಕೊಡುವವರು ಇರುವುದಿಲ್ಲ. ಕೇಳಲು ಸಂಕೋಚ ಬೇರೆ. ಹಾಗಾಗಿ ‘ಬಂದು ಕೇಳಿದರೆ ಸಹಾಯ’ ಎನ್ನುವ ಪದ್ಧತಿ ತಲುಪಬೇಕಾದವರನ್ನೇ ತಲುಪುವುದಿಲ್ಲ.

ಅಮೆರಿಕದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯ 2011ರಲ್ಲಿ ಒಂದು ಯೋಜನೆ ತಂದಿತು. ಶುಲ್ಕದಲ್ಲಿ ಸ್ವಲ್ಪ ಬಾಕಿ ಉಳಿದು, ಹೆಸರು ತೆಗೆದುಹಾಕುವ ಹಂತಕ್ಕೆ ಬಂದ ವಿದ್ಯಾರ್ಥಿಗಳನ್ನು ತಾನೇ ಹುಡುಕಿ ಆ ಕೊರತೆ ತುಂಬುತ್ತದೆ. ಮೊತ್ತ ದೊಡ್ಡದೇನಲ್ಲ, ಆದರೆ ಅಷ್ಟಕ್ಕೇ ಓದು ನಿಲ್ಲುತ್ತಿತ್ತು ಅಲ್ವಾ! ಹಾಜರಿ ಕುಸಿದ ವಾರವೇ ಮೇಷ್ಟ್ರು ಫೋನ್ ಮಾಡಿ ವಿಚಾರಿಸುವುದೂ ಇದೇ ಲೆಕ್ಕದ ಕೆಲಸ.