‘ಆಪರೇಷನ್ ಡೇಬ್ರೇಕ್’ ಸಿನಿಮಾದಲ್ಲಿ ಎಷ್ಟು ನಿಜ, ಎಷ್ಟು ಕಟ್ಟುಕತೆ?

ನೀವು ಕೇಳಿರುವುದು ಎರಡು ಪ್ರಶ್ನೆ. ಪ್ರಾಗ್‌ನಲ್ಲಿ ಕೂತು ಆಳುತ್ತಿದ್ದ ನಾಜಿ ನಾಯಕ ರೈನ್‌ಹಾರ್ಡ್ ಹೈಡ್ರಿಕ್‌ನ ಕಾರು ಎದುರಿಗೆ ಬಂದ ಹೊತ್ತಿಗೇ ಸ್ಟೆನ್ ಗನ್ ಕೈಕೊಡುವುದು ನಂಬುವ ಹಾಗಿಲ್ಲ, ಅದು ಸಿನಿಮಾದವರು ಸೇರಿಸಿದ್ದೇ? ಕೊನೆಗೆ ನೀರು ತುಂಬಿದ ಚರ್ಚಿನ ನೆಲಮಾಳಿಗೆಯಲ್ಲಿ ಅವನನ್ನು ಕೊಲ್ಲಲು ಬಂದಿದ್ದ ಜೆಕೊಸ್ಲೊವಾಕಿಯಾದ ಸೈನಿಕರು ಯಾನ್ ಕುಬಿಶ್, ಯೋಸೆಫ್ ಗಾಬ್ಚಿಕ್ ಇಬ್ಬರೂ ತಬ್ಬಿಕೊಂಡು ಒಬ್ಬರಿಗೊಬ್ಬರು ಗುಂಡು ಹೊಡೆದುಕೊಳ್ಳುವುದು ನಡೆದದ್ದೇ? ನೇರ ಉತ್ತರ: ಮೊದಲನೆಯದು ಅಪ್ಪಟ ನಿಜ, ಎರಡನೆಯದು ಬರೀ ಸಿನಿಮಾ. ಲೂಯಿಸ್ ಗಿಲ್ಬರ್ಟ್ ನಿರ್ದೇಶಿಸಿದ ಈ 1975ರ ಚಿತ್ರದಲ್ಲಿ ‘ಹೀಗೂ ಉಂಟೇ’ ಅನ್ನಿಸುವ ಕಡೆ ಇತಿಹಾಸವಿದೆ, ಕಣ್ಣು ಒದ್ದೆಯಾಗುವ ಕಡೆ ಕಲ್ಪನೆಯಿದೆ.

ಮೊದಲು ಆ ಸ್ಟೆನ್ ಗನ್ನಿನ ವಿಷಯ. ದಿನ 27 ಮೇ 1942, ಸಮಯ ಬೆಳಿಗ್ಗೆ ಸುಮಾರು ಹತ್ತೂವರೆ. ಹೈಡ್ರಿಕ್ ಇದ್ದದ್ದು ಪ್ರಾಗ್‌ನ ಉತ್ತರಕ್ಕಿರುವ ಪಾನೆನ್ಸ್‌ಕೆ ಬ್ರ್‌ಝೆಝಾನಿಯ ಬಂಗಲೆಯಲ್ಲಿ, ಕಚೇರಿ ಪ್ರಾಗ್ ಕೋಟೆಯಲ್ಲಿ. ದಾರಿಯಲ್ಲಿ ಲಿಬೆನ್ ಬಡಾವಣೆಯ ಇಳಿಜಾರಿನಲ್ಲಿ ಒಂದು ಹೇರ್‌ಪಿನ್ ತಿರುವು. ನಮ್ಮ ಘಾಟಿ ರಸ್ತೆಗಳಲ್ಲಿ ಗಾಡಿ ಓಡಿಸಿದವರಿಗೆ ಬಿಡಿಸಿ ಹೇಳಬೇಕಿಲ್ಲ: ಅಲ್ಲಿ ಎಂಥ ಚಾಲಕನಾದರೂ ಬ್ರೇಕ್ ಒತ್ತಲೇಬೇಕು. ಜಾಗ ಆರಿಸಿದ್ದು ಇದೇ ಕಾರಣಕ್ಕೆ. ಕಾರು ಮರ್ಸಿಡಿಸ್ 320, ಮೇಲ್ಛಾವಣಿ ಮಡಚಿತ್ತು, ಹಿಂದೆ ಮುಂದೆ ಬೆಂಗಾವಲು ಇರಲಿಲ್ಲ. ಮೇಲುಗಡೆ ನಿಂತಿದ್ದ ಅವರ ಸಂಗಾತಿ ಯೋಸೆಫ್ ವಾಲ್ಚಿಕ್ ಕಾರು ಬರುತ್ತಿದೆಯೆಂದು ಕನ್ನಡಿಯಿಂದ ಸನ್ನೆ ಮಾಡಿದ.

ಗಾಬ್ಚಿಕ್ ಎದುರಿಗೆ ಬಂದು ಟ್ರಿಗರ್ ಒತ್ತಿದ. ಒಂದು ಗುಂಡೂ ಹಾರಲಿಲ್ಲ.

ಏಕೆ ಎನ್ನುವುದಕ್ಕೆ ಸ್ಟೆನ್‌ನ ರಚನೆ ಗೊತ್ತಿರಬೇಕು. ಯುದ್ಧಕಾಲದಲ್ಲಿ ಅಗ್ಗವಾಗಿ, ಬೇಗ ತಯಾರಾಗಲಿ ಎಂದು ಮಾಡಿದ ಬಂದೂಕು ಅದು. ಬಿಡಿಭಾಗಗಳಾಗಿ ಬಿಚ್ಚಿ ಕೈಚೀಲದಲ್ಲಿ ಇಟ್ಟುಕೊಳ್ಳಬಹುದು, ಗುಪ್ತ ಕೆಲಸಕ್ಕೆ ಅದೇ ಅನುಕೂಲ. ಅದರ ದೌರ್ಬಲ್ಯವೆಲ್ಲ ಪಕ್ಕಕ್ಕೆ ಚಾಚಿಕೊಂಡ ಮ್ಯಾಗಜೀನ್‌ನಲ್ಲಿ. ಒಳಗೆ ಎರಡು ಸಾಲಾಗಿ ಕೂತ ಗುಂಡುಗಳು ಬಾಯಿಯ ಹತ್ತಿರ ಒಂದೇ ಸಾಲಿಗೆ ಬರಬೇಕು. ಬಾಯಿಯ ತೆಳು ತಗಡಿನ ಅಂಚು ಸ್ವಲ್ಪ ನಗ್ಗಿದರೂ, ಒಂದಿಷ್ಟು ಕಸ ಸೇರಿದರೂ ಗುಂಡು ವಾರೆಯಾಗಿ ಸಿಕ್ಕಿಕೊಳ್ಳುತ್ತದೆ. 32 ಗುಂಡು ಹಿಡಿಯುವ ಮ್ಯಾಗಜೀನ್‌ಗೆ ಸೈನಿಕರು ಒಂದೆರಡು ಕಡಿಮೆಯೇ ತುಂಬುತ್ತಿದ್ದರು, ಸ್ಪ್ರಿಂಗ್ ಮೇಲೆ ಒತ್ತಡ ಹೆಚ್ಚಾಗದಿರಲಿ ಎಂದು. ಗಾಬ್ಚಿಕ್ ಅದನ್ನು ಜೋಡಿಸಿ ಕೋಟಿನಡಿ ಮರೆಸಿಕೊಂಡಿದ್ದ. ಆ ಕಾಲದಲ್ಲಿ ಪ್ರಾಗ್ ಜನ ಮನೆಯ ಮೊಲಗಳಿಗೆ ಹುಲ್ಲು ಕಿತ್ತು ಚೀಲದಲ್ಲಿ ಒಯ್ಯುತ್ತಿದ್ದರು, ಬಂದೂಕಿನ ಮೇಲೆ ಮುಚ್ಚಿದ್ದ ಅಂಥ ಹುಲ್ಲೇ ಒಳಗೆ ಸೇರಿತೆನ್ನುವ ವಾದವೂ ಇದೆ. ಸಾಬೀತಾಗದ ವಾದ, ಆದರೆ ಸ್ಟೆನ್ ಬಲ್ಲವರು ಯಾರೂ ಅದನ್ನು ನಕ್ಕು ತಳ್ಳಿಹಾಕುವುದಿಲ್ಲ.

ಅಲ್ಲಿಗೇ ಹೈಡ್ರಿಕ್ ಬದುಕಿಕೊಳ್ಳಬೇಕಿತ್ತು. ಚಾಲಕ ಕ್ಲೈನ್ ಗಾಡಿ ಜೋರು ಮಾಡಿದ್ದರೆ ಕತೆಯೇ ಮುಗಿಯುತ್ತಿತ್ತು. ಹೈಡ್ರಿಕ್ ಮಾಡಿದ್ದು ತದ್ವಿರುದ್ಧ. ನಿಲ್ಲಿಸು ಎಂದ, ಎದ್ದು ನಿಂತ, ಪಿಸ್ತೂಲು ತೆಗೆದ. ಆಗ ಬಿದ್ದದ್ದು ಕುಬಿಶ್ ಎಸೆದ ಬಾಂಬು. ಅದು ನಂ. 73 ಎಂಬ ಟ್ಯಾಂಕ್ ನಿರೋಧಕ ಗ್ರೆನೇಡಿನ ಕಿರಿದುಗೊಳಿಸಿದ ರೂಪ. ಮೂಲ ಗ್ರೆನೇಡಿಗೆ ಆಕಾರದಿಂದಾಗಿ ‘ಥರ್ಮಾಸ್ ಬಾಂಬ್’ ಎಂದು ಅಡ್ಡಹೆಸರಿತ್ತು. ದೂರ ಎಸೆಯಲಾಗದಷ್ಟು ಭಾರ. ಹಾಗಾಗಿ ಮೇಲಿನ ಮೂರನೇ ಒಂದು ಭಾಗವನ್ನಷ್ಟೇ ಉಳಿಸಿ ಟೇಪು ಸುತ್ತಿದ್ದರು, ತೂಕ ಅರ್ಧ ಕಿಲೋ ಆಸುಪಾಸು. ಕುಬಿಶ್‌ನ ಗುರಿಯೂ ತಪ್ಪಿತು! ಬಾಂಬು ಕಾರಿನ ಒಳಗೆ ಬೀಳದೆ ಬಲಗಡೆ ಹಿಂದಿನ ಚಕ್ರದ ಬಳಿ ಸಿಡಿಯಿತು. ಚೂರುಗಳು ಕುಬಿಶ್‌ನ ಮುಖಕ್ಕೂ ತಾಗಿದವು, ಪಕ್ಕದ ಟ್ರಾಮಿನ ಗಾಜುಗಳೂ ಒಡೆದವು.

ಆದರೆ ಸ್ಫೋಟ ಕಾರಿನ ಲೋಹದ ಚೂರುಗಳ ಜೊತೆಗೆ ಸೀಟಿನೊಳಗೆ ತುಂಬಿದ್ದ ಕುದುರೆ ಕೂದಲನ್ನೂ ಹೈಡ್ರಿಕ್‌ನ ಎಡಗಡೆ ದೇಹಕ್ಕೆ ನುಗ್ಗಿಸಿತು. ಪಕ್ಕೆಲುಬು ಮುರಿಯಿತು, ವಪೆ ಹರಿಯಿತು, ಗುಲ್ಮ ಒಡೆಯಿತು. ಆದರೂ ಕೆಳಗಿಳಿದು ಪಿಸ್ತೂಲು ಹಿಡಿದು ಅಟ್ಟಿಸಿಕೊಂಡು ಹೋಗಿ ಆಮೇಲೆ ಕುಸಿದ. ಹತ್ತಿರದ ಬುಲೋವ್ಕಾ ಆಸ್ಪತ್ರೆಗೆ ಒಯ್ದದ್ದು ದಾರಿಯಲ್ಲಿ ಸಿಕ್ಕ ವ್ಯಾನಿನಲ್ಲಿ. ಶಸ್ತ್ರಚಿಕಿತ್ಸೆ ಯಶಸ್ವಿಯಾಗಿತ್ತು, ಜೂನ್ 4ರಂದು ಪ್ರಾಣ ಹೋದದ್ದು ನಂಜೇರಿ. ಬಾಂಬಿಗೆ ಬೊಟುಲಿನಮ್ ವಿಷ ಸೇರಿಸಿದ್ದರು ಎಂದು ಕೆಲವರು ಬರೆದಿದ್ದಾರೆ. ನಾನು ಒಪ್ಪುವುದಿಲ್ಲ, ಆ ವಿಷದ ಗುರುತಾದ ಪಾರ್ಶ್ವವಾಯು ಅವನಲ್ಲಿ ಕಾಣಿಸಲಿಲ್ಲ. ಕೊಳಕು ಕುದುರೆ ಕೂದಲು ಹೊಟ್ಟೆ ಸೇರಿದರೆ, ಪೆನಿಸಿಲಿನ್ ಕೈಗೆ ಸಿಗದ ಕಾಲದಲ್ಲಿ, ಬೇರೆ ವಿಷ ಬೇಕಿರಲಿಲ್ಲ.

ಇನ್ನು ಚಿತ್ರ ತಿರುಚಿದ್ದು. ಚಿತ್ರದಲ್ಲಿ ಕುಬಿಶ್, ಗಾಬ್ಚಿಕ್ ಜೊತೆಗೆ ಮುಂದೆ ದ್ರೋಹ ಬಗೆಯುವ ಸೈನಿಕ ಕಾರೆಲ್ ಚುರ್ದಾ ಕೂಡ ಒಂದೇ ವಿಮಾನದಿಂದ ಜಿಗಿಯುತ್ತಾನೆ. ನಿಜದಲ್ಲಿ ಮೊದಲಿಬ್ಬರು ಇಳಿದದ್ದು 1941ರ ಡಿಸೆಂಬರ್ ಕೊನೆಯಲ್ಲಿ, ಚುರ್ದಾ ಬಂದದ್ದು 1942ರ ಮಾರ್ಚ್‌ನಲ್ಲಿ, ‘ಔಟ್ ಡಿಸ್ಟೆನ್ಸ್’ ಎಂಬ ಬೇರೆಯೇ ತಂಡದಲ್ಲಿ. ಮೂವರನ್ನು ಗೆಳೆಯರನ್ನಾಗಿಸಿದರೆ ಮುಂದಿನ ದ್ರೋಹ ಇನ್ನಷ್ಟು ಚುಚ್ಚುತ್ತದೆ, ಅದು ಚಿತ್ರಕಥೆಯ ಲೆಕ್ಕಾಚಾರ. ರೈಲಿನಲ್ಲಿರುವ ಹೈಡ್ರಿಕ್‌ಗೆ ಗುಂಡಿಡಲು ಹೋಗಿ ವಿಫಲರಾಗುವ ದೃಶ್ಯವೂ ಹಾಗೆಯೇ. ರೈಲಿನ ಯೋಚನೆ ಇತ್ತು, ಕೈಬಿಟ್ಟರು.

ಚುರ್ದಾ ಜೂನ್ 16ರಂದು ತಾನಾಗಿಯೇ ನಾಜಿಗಳ ಗುಪ್ತ ಪೊಲೀಸ್ ಗೆಸ್ಟಾಪೊದ ಕಚೇರಿಗೆ ಹೋದ. ಸಂಗಾತಿಗಳು ಅಡಗಿದ್ದ ಚರ್ಚು ಅವನಿಗೆ ಗೊತ್ತಿರಲಿಲ್ಲ, ಆಶ್ರಯ ಕೊಟ್ಟ ಮನೆಗಳು ಗೊತ್ತಿದ್ದವು. ಮರುದಿನ ಮೊರಾವೆಟ್ಸ್ ಕುಟುಂಬದ ಮೇಲೆ ದಾಳಿಯಾದಾಗ ತಾಯಿ ಮಾರಿಯೆ ಸಯನೈಡ್ ನುಂಗಿದಳು. ಚರ್ಚಿನ ಸುಳಿವು ಸಿಕ್ಕಿದ್ದು ಅವಳ ಮಗ ಆತಾಗೆ ಕೊಟ್ಟ ಚಿತ್ರಹಿಂಸೆಯಿಂದ.

ಜೂನ್ 18ರ ಬೆಳಗಿನ ಜಾವ ರೆಸ್ಲೋವಾ ಬೀದಿಯ ಸಂತ ಸಿರಿಲ್ ಮತ್ತು ಮೆಥೋಡಿಯಸ್ ಚರ್ಚನ್ನು ಸುತ್ತುವರಿದಾಗ ಒಳಗಿದ್ದ ಸೈನಿಕರು ಏಳು ಮಂದಿ. ಕುಬಿಶ್, ಒಪಾಲ್ಕಾ, ಬುಬ್ಲಿಕ್ ಮೇಲೆ, ಗಾಯಕರ ಅಟ್ಟದಲ್ಲಿ; ಗಾಬ್ಚಿಕ್, ವಾಲ್ಚಿಕ್, ಹ್ರುಬಿ, ಶ್ವಾರ್ಟ್ಸ್ ಕೆಳಗೆ ನೆಲಮಾಳಿಗೆಯಲ್ಲಿ. ಅಂದರೆ ನೀವು ನೋಡಿದ ಆ ಕೊನೆಯ ಅಪ್ಪುಗೆ ಸಾಧ್ಯವೇ ಇರಲಿಲ್ಲ, ಇಬ್ಬರೂ ಒಂದೇ ಜಾಗದಲ್ಲಿರಲಿಲ್ಲ. ಅಟ್ಟದವರು ಸುಮಾರು ಎರಡು ಗಂಟೆ ಹೋರಾಡಿದರು; ತೀವ್ರವಾಗಿ ಗಾಯಗೊಂಡ ಕುಬಿಶ್ ಆಸ್ಪತ್ರೆಗೆ ಒಯ್ದ ಮೇಲೆ ಸತ್ತ. ನೆಲಮಾಳಿಗೆಗೆ ಗಾಳಿ ಕಿಂಡಿಯಿಂದ ಅಗ್ನಿಶಾಮಕದವರ ಕೈಯಲ್ಲಿ ನೀರು ಹಾಯಿಸಿದ್ದು ನಿಜ, ಒಳಗಿನ ನಾಲ್ವರು ಕೊನೆಗೆ ತಮ್ಮ ಕೈಯಾರೆ ಪ್ರಾಣ ತೆಗೆದುಕೊಂಡದ್ದೂ ನಿಜ. ಗೋಡೆ ಕೊರೆದು ಹೊರಬೀಳಲು ಅವರು ಅಗೆದ ಗುಂಡಿ ಈಗಲೂ ಅಲ್ಲಿದೆ.

ನನಗೆ ಚಿತ್ರದ ದೊಡ್ಡ ಕೊರತೆ ಅನ್ನಿಸುವುದು ಆ ಅಪ್ಪುಗೆಯಲ್ಲ, ಸಹಾಯ ಮಾಡಿದ ಸಾಮಾನ್ಯರು ಹಿಂದೆ ಸರಿದುಬಿಡುವುದು. ಒಂದೇ ಉದಾಹರಣೆ ಕೊಡುತ್ತೇನೆ: ಕುಬಿಶ್ ಬಿಟ್ಟುಹೋದ ರಕ್ತ ಮೆತ್ತಿದ ಸೈಕಲ್ಲನ್ನು ತಳ್ಳಿಕೊಂಡು ಮನೆಗೆ ತಂದವಳು ಲಿಬೆನ್‌ನ 14 ವರ್ಷದ ಹುಡುಗಿ ಯಿಂದ್ರಿಶ್ಕಾ ನೊವಾಕೋವಾ. 24 ಅಕ್ಟೋಬರ್ 1942ರಂದು ಮೌಟ್‌ಹೌಸೆನ್ ಶಿಬಿರದಲ್ಲಿ ಅವಳನ್ನೂ ಮನೆಯವರನ್ನೂ ಕೊಂದರು.

ಹೋಲಿಸಿ ನೋಡುವ ಮನಸ್ಸಿದ್ದರೆ ಯಿರ್‌ಝಿ ಸೆಕ್ವೆನ್ಸ್‌ನ 1964ರ ಜೆಕ್ ಚಿತ್ರ ‘ಅತೆಂತಾತ್’ ಮೊದಲು ನೋಡಿ. ಕಪ್ಪು ಬಿಳುಪು, ಭಾವುಕತೆ ಕಡಿಮೆ, ಘಟನಾಕ್ರಮ ಹೆಚ್ಚು ನಿಖರ. ಚರ್ಚಿನ ಕಾಳಗಕ್ಕೆ ಶಾನ್ ಎಲಿಸ್‌ನ 2016ರ ‘ಆಂಥ್ರೊಪಾಯ್ಡ್’ ಸಾಕು. ಫ್ರಿಟ್ಸ್ ಲಾಂಗ್‌ನ 1943ರ ‘ಹ್ಯಾಂಗ್‌ಮೆನ್ ಆಲ್ಸೋ ಡೈ’ಯನ್ನು ಇತಿಹಾಸವೆಂದು ನೋಡಬೇಡಿ: ವಿವರಗಳು ಹೊರಬರುವ ಮೊದಲೇ ತೆಗೆದದ್ದು, ಅದರಲ್ಲಿ ಕೊಲ್ಲುವವನು ಒಬ್ಬ ವೈದ್ಯ. ‘ಡೇಬ್ರೇಕ್’ ಮತ್ತೊಮ್ಮೆ ನೋಡುವುದಾದರೆ ಹಿನ್ನೆಲೆಯನ್ನು ಗಮನಿಸಿ, ಚಿತ್ರೀಕರಣ ಪ್ರಾಗ್‌ನಲ್ಲೇ ನಡೆದದ್ದು. ಲಿಬೆನ್‌ನ ಆ ಹಳೆಯ ತಿರುವು ಮಾತ್ರ ಈಗ ಹುಡುಕಿದರೂ ಸಿಗುವುದಿಲ್ಲ, ರಸ್ತೆ ಬದಲಾಗಿದೆ. ರೆಸ್ಲೋವಾ ಬೀದಿಯ ಕಿಂಡಿಯ ಸುತ್ತ ಗುಂಡಿನ ಗುರುತುಗಳು ಹಾಗೇ ಇವೆ.